ಟೊಮೆಟೊ ಹಣ್ಣಿನ ತಳ ಕಪ್ಪಾಗಿಸುವ ವಂಶವಾಹಿಗೆ ಇಳಕಲ್ಲಿನಿಂದ ಒಂದು ಮನವಿ

ಮಾನ್ಯರೇ,

ನನ್ನ ಹಿತ್ತಲಿನ ಉದ್ದ ಟೊಮೆಟೊ ಗಿಡಗಳ ಪ್ರತಿ ಜೀವಕೋಶದಲ್ಲಿಯೂ ಯಾರ ಅಪ್ಪಣೆಯಿಲ್ಲದೆ ವಾಸವಾಗಿರುವ ವಂಶವಾಹಿ ಮಹೋದಯರಾದ ತಮಗೆ, ಹುನಗುಂದದ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಪರರ ಅರ್ಜಿಗಳನ್ನು ತಿದ್ದಿ ಈಗ ಇಳಕಲ್ಲಿನಲ್ಲಿ ನಿವೃತ್ತನಾಗಿ ಕುಳಿತಿರುವ ರಾಚಯ್ಯ ಮಾಡುವ ಶರಣು ಶರಣಾರ್ಥಿ. ತಾವು ಕಣ್ಣಿಗೆ ಕಾಣದವರಾದ್ದರಿಂದ ಈ ಪತ್ರವನ್ನು ಗಿಡದ ಮುಂದೆ ನಿಂತು ಗಟ್ಟಿಯಾಗಿ ಓದಲಾಗುವುದು.

ಹೋದ ವರ್ಷ ನಾನು ಅಕ್ಕರೆಯಿಂದ ತಂದು ನೆಟ್ಟ ಗಿಡಗಳಲ್ಲಿ ಕಾಯಿ ಕೆಂಪಾಗುವ ಮೊದಲೇ ತಳ ಕಪ್ಪಾಗಿ ಗುಳಿಬಿದ್ದು ಚರ್ಮದಂತಾಯಿತು. ಒಂದನ್ನೂ ಬಿಡದೆ, ಒಂದೇ ಅಳತೆಯಲ್ಲಿ ಮೊಹರು ಒತ್ತಿದ ತಮ್ಮ ಶ್ರದ್ಧೆಯನ್ನು ನಾನು ನಮ್ಮ ಕಚೇರಿಯಲ್ಲಿ ಕೊನೆಯವರೆಗೂ ಕಾಣಲಿಲ್ಲ. ಆದರೆ ಇದು ತಮ್ಮ ಕೈಚಳಕವೆಂದು ಆಗ ತಿಳಿಯದೆ, ಪಕ್ಕದ ಮನೆಯ ಜೈನಬಿಯವರನ್ನು ಅಪರಾಧಿಯೆಂದು ತೀರ್ಮಾನಿಸಿಬಿಟ್ಟೆ. ಅವರು ಸೀರೆಯ ನೂಲಿಗೆ ಬಣ್ಣ ಹಾಕುವವರು. ನೂಲು ತೊಳೆದ ನೀರು ನನ್ನ ಟೊಮೆಟೊ ಮಡಿಯ ಪಕ್ಕದ ಗಟಾರದಲ್ಲಿ ಹರಿಯುತ್ತಿತ್ತು.

ನನ್ನ ಹೆಂಡತಿ ಗುರುಲಿಂಗವ್ವ, "ಆಕಿ ಬಣ್ಣಾ ಹಾಕಾಕತ್ತಿ ಇಪ್ಪತ್ತ ವರ್ಷ ಆತು. ನಿಮ್ಮ ಟೊಮೆಟೊ ಬಂದದ್ದು ಮೊನ್ನಿ" ಎಂದಳು. ಕೇಳುವ ಕಿವಿ ನನಗೆ ಆಗ ಇರಲಿಲ್ಲ. ಗಟಾರಕ್ಕೆ ನನ್ನ ಕೈಯಾರೆ ಕಲ್ಲು ಜಡಿದೆ. ಮೊಣಕಾಲು ನೋವಿನ ಜೈನಬಿ ಅಂದಿನಿಂದ ಬಣ್ಣದ ನೀರನ್ನು ಕೊಡದಲ್ಲಿ ತುಂಬಿ ಓಣಿಯ ಕೊನೆಯವರೆಗೆ ಹೊತ್ತು ಚೆಲ್ಲತೊಡಗಿದರು. ನಮ್ಮ ಬಾಗಿಲು ದಾಟುವಾಗ ನನ್ನತ್ತ ನೋಡುತ್ತಿರಲಿಲ್ಲ. ಅದೇ ತಳಿಯನ್ನು ಮತ್ತೆ ನೆಟ್ಟರೂ ಹಣ್ಣು ಮಾತ್ರ ಕಪ್ಪಾಗುತ್ತಲೇ ಇತ್ತು. ಹಳೆಯ ಬಣ್ಣ ಮಣ್ಣಲ್ಲಿ ಉಳಿದಿದೆ ಎಂದು ನಾನು ವಾದ ಹೂಡಿದೆ.

ಎಂಟು ತಿಂಗಳ ಮೇಲೆ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದು ತೋಟಗಾರಿಕೆ ಓದುತ್ತಿರುವ ನನ್ನ ತಂಗಿಯ ಮಗಳು ಮಹೇಶ್ವರಿ ಬಂದಳು. ಅದೇ ಮಡಿಯಲ್ಲಿ ಗುರುಲಿಂಗವ್ವ ಹಾಕಿದ್ದ ದುಂಡು ಟೊಮೆಟೊ ಗಿಡಗಳನ್ನು ತೋರಿಸಿ ಕೇಳಿದಳು: "ಮಾಮಾ, ಮಣ್ಣು ಒಂದ, ನೀರು ಒಂದ. ಅತ್ತಿ ಹಣ್ಣಿಗೆ ಯಾಕ ಏನೂ ಆಗಿಲ್ಲ? ನಿಮ್ಮ ಉದ್ದ ತಳಿಯೊಳಗ ಸುಣ್ಣದಂಶ ಹಣ್ಣಿನ ತುದಿಗೆ ಸರಿಯಾಗಿ ಮುಟ್ಟಂಗಿಲ್ರಿ. ಅದು ಹುಟ್ಟುಗುಣ. ನೆನಪಾದಾಗಷ್ಟ ನೀರು ಬಿಟ್ರ ಇನ್ನೂ ಜಾಸ್ತಿ ಆಗತೈತಿ."

ನೆನಪಾದಾಗಷ್ಟೇ ನೀರು ಬಿಡುವವರು ಯಾರೆಂಬುದು ಈ ಪತ್ರಕ್ಕೆ ಸಂಬಂಧಿಸಿದ ವಿಷಯವಲ್ಲ.

ಆ ಸಂಜೆ ದುಂಡು ಹಣ್ಣುಗಳ ಬುಟ್ಟಿ ಹಿಡಿದು ಜೈನಬಿಯವರ ಮನೆಗೆ ಹೋದೆ. ಮೂವತ್ತೊಂದು ವರ್ಷ ಪರರ ಕ್ಷಮಾಪಣೆ ಪತ್ರಗಳನ್ನೂ ತಿದ್ದಿದ ನಾನು, ಬುಟ್ಟಿ ಕೆಳಗಿಟ್ಟು ಹಣ್ಣುಗಳನ್ನು ಎಣಿಸತೊಡಗಿದೆ. ಅವರೇ ಹೇಳಿದರು: "ಮೊದಲ ಕಲ್ಲ ತಗೀರಿ, ಆಮ್ಯಾಲ ಮಾತು." ತೆಗೆದೆ, ನೀರು ಹರಿಯಿತು. ಅವರು ಕೈ ಒರೆಸಿಕೊಂಡು ಒಂದು ಹಣ್ಣು ಎತ್ತಿ ತಳ ನೋಡಿದರು. "ರಾಚಯ್ಯಣ್ಣಾ, ಎಂಟ ತಿಂಗಳ ನಾ ಕೊಡಾ ಹೊತ್ತೇನಿ. ಇನ್ನ ಎಂಟ ತಿಂಗಳ ನೀವು ನಮ್ಮನಿಗೆ ಹಣ್ಣ ಹೊತ್ತ ತರ್ರಿ" ಎಂದರು. ನಗಲಿಲ್ಲ. ಆದರೆ ಕೂಡ್ರಲು ಚಾಪೆ ಹಾಸಿದರು. ನನಗೆ ಅಳು ಬಂತೆಂದು ಗುರುಲಿಂಗವ್ವನಿಗೆ ಹೇಳಿಲ್ಲ, ತಾವೂ ಹೇಳಬಾರದು.

ಆದ್ದರಿಂದ ಘನವಂತರಾದ ತಾವು ದಯಮಾಡಿ ಒಮ್ಮೆ ಗಿಡದಿಂದ ಇಳಿದು ಬಂದು, ಜೈನಬಿಯವರ ಕಟ್ಟೆಯ ಮುಂದೆ ತಪ್ಪೊಪ್ಪಿಕೊಂಡು, ಇನ್ನು ಮುಂದೆ ಬೀಜದ ಪೊಟ್ಟಣದ ಮೇಲೆ ತಮ್ಮ ಭಾವಚಿತ್ರ ಅಚ್ಚು ಹಾಕಿಸಬೇಕಾಗಿ ವಿನಂತಿ. ಹಣ್ಣು ಹೊರುವುದರಲ್ಲಿ ನನ್ನ ಪಾಲು ನಾನು ಹೊರುತ್ತಿದ್ದೇನೆ.

ತಮ್ಮನ್ನು ನಂಬಲು ಇನ್ನೂ ಹೆಣಗುತ್ತಿರುವ
ತಮ್ಮ ವಿಶ್ವಾಸಿ,
ರಾಚಯ್ಯ

ವಿ.ಸೂ.: ತಾವು ಒಬ್ಬರೇ ಅಲ್ಲ, ಹಲವರು ಕೂಡಿ ಈ ಕೆಲಸ ಮಾಡುತ್ತೀರೆಂದು ಮಹೇಶ್ವರಿ ಹೇಳುತ್ತಾಳೆ. ಆದಕಾರಣ ಈ ಪತ್ರದ ಪ್ರತಿಗಳನ್ನು ತಾವೇ ತೆಗೆದು ಬಳಗಕ್ಕೆಲ್ಲ ಹಂಚಿರಿ. ಪ್ರತಿ ತೆಗೆಯುವ ವಿದ್ಯೆಯನ್ನು ತಮಗೆ ಹೇಳಿಕೊಡುವ ಅಗತ್ಯವಿಲ್ಲವಷ್ಟೆ.