ಭತ್ತದ ಮೀಸೆಯ ಹಿರಿಯರು

ಕೈಯಾರೆ ಕಾಗದ ಮಾಡಿ, ಅದರ ಮೇಲೆ ಚಿತ್ರ ಬರೆದು ಬದುಕುವ ಕಲಾವಿದ ಎಂಬತ್ತರ ದಶಕದ ಮಾನ್ವಿಯಲ್ಲಿ ನಾನೊಬ್ಬನೇ ಇದ್ದೆ. ಬದುಕುವುದು ಇನ್ನೂ ಶುರುವಾಗಿರಲಿಲ್ಲ, ಅಷ್ಟೆ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ.

ಒಂದು ದಿನ ರಾಯಚೂರಿನ ಅಕ್ಕಿ ಮಿಲ್ಲಿನ ಶರಣಪ್ಪ ಸಾಹುಕಾರರು ತೀರಿಹೋದ ತಂದೆಯ ಚಿತ್ರ ಬೇಕೆಂದರು. “ವರ್ಷದ ಪೂಜಾಕ್ಕ ತರ್ರಿ. ಮಂದಿಗೆ ಪಸಂದ್ ಬಂತಂದ್ರ ಎಲ್ಲಾ ಮಿಲ್ಲಿನವರಿಗೂ ನಾನೇ ಹೇಳ್ತೀನಿ.”

ಇನ್ನು ಬೋರ್ಡು ಬರೆಯುವುದಿಲ್ಲವೆಂದು ಇಬ್ಬರು ಅಂಗಡಿಯವರಿಗೆ ಅವತ್ತೇ ಸಾರಿದೆ!

ಭತ್ತದ ಹುಲ್ಲು ಕುದಿಸಿ, ಒರಳಿನಲ್ಲಿ ಕುಟ್ಟಿ, ಜಾಲರಿಯ ಮೇಲೆ ಹರವಿ ಒಣಗಿಸಿದೆ. ಹಪ್ಪಳದಂಥ ಕಾಗದ ಎದ್ದಿತು. ಎಣ್ಣೆಬಣ್ಣದಲ್ಲಿ ಹಿರಿಯರ ಮುಖ ಬರೆದೆ. ಆಗ ಹೊಳೆಯಿತು ನೋಡಿ ಆ ಮಹಾವಿಚಾರ: ಭತ್ತದಿಂದ ಮೇಲೆ ಬಂದವರಿಗೆ ಮೀಸೆಯೂ ಭತ್ತದ್ದೇ ಇರಲಿ! ಹೆಂಡತಿಯ ತವರಿನ ಭತ್ತ ತಂದು, ಒಂದೊಂದೇ ಕಾಳು ಅಂಟಿಸಿ, ಹುರಿಮೀಸೆ ಮಾಡಿದೆ.

ಪೂಜೆಗೆ ಐದು ದಿನವಿತ್ತು. ಬಿಸಿಲಿಗೆ ಕಾಗದ ಸುರುಳಿ ಸುತ್ತತೊಡಗಿತು. ತೇವದಲ್ಲಿಟ್ಟರೆ ನೆಟ್ಟಗಾಗುತ್ತದೆಂಬ ವೃತ್ತಿಜ್ಞಾನ ನನಗಿತ್ತು. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಹಲಗೆ ಹೇರಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿದೆ.

ಹೆಂಡತಿ ಗೌರವ್ವ ದೇವದುರ್ಗದ ಕಡೆಯ ಒಕ್ಕಲು ಮನೆಯವಳು. ಇಣುಕಿ ನೋಡಿದಳು.

“ಅಲ್ರೀ, ನಮ್ಮಪ್ಪ ಬಿತ್ತೋ ಬೀಜಾನ ಹಿಂಗ ಕಟ್ಟಿಡ್ತಾನ.”

“ನಿಮ್ಮಪ್ಪಂದು ಒಕ್ಕಲುತನ. ಇದು ಕಲೆ.”

“ಕಾಳಿಗೆ ಅದು ಗೊತ್ತದ ಏನ್ರಿ?”

ನಾನು ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದೆ. ಕಲಾವಿದರು ಎಲ್ಲದಕ್ಕೂ ಉತ್ತರಿಸುವುದಿಲ್ಲ.

ಪೂಜೆಯ ದಿನ ಗೋಣಿ ಸಮೇತ ರಾಯಚೂರಿನ ಬಸ್ಸು ಹತ್ತಿದೆ. ಮಿಲ್ಲಿನಲ್ಲಿ ನೆರೆದ ಮಂದಿಯ ಮುಂದೆ ಗೋಣಿ ಬಿಚ್ಚಿದೆ.

ಮೀಸೆ ಮೊಳೆತಿತ್ತು! ಅರ್ಧ ಬೆರಳುದ್ದದ ಬಿಳಿ ಮೊಳಕೆಗಳು ತುಟಿ ಮುಚ್ಚಿ ಗದ್ದದವರೆಗೆ ಇಳಿದಿದ್ದವು.

ಸಾಹುಕಾರರ ತಾಯಿ ಬಗ್ಗಿ ನೋಡಿದರು. “ಶರಣಾ, ನಿಮ್ಮಪ್ಪ ಇರೋತನಕ ದಿನಾ ಗಡ್ಡ ಹೆರಕೋತಿದ್ರು. ಅಲ್ಲಿ ಕೈಲಾಸದಾಗ ಕ್ಷೌರದವರು ಯಾರೂ ಇಲ್ಲೇನು?”

ಮಿಲ್ಲಿಗೆ ಮಿಲ್ಲೇ ನಕ್ಕಿತು. ಸಾಹುಕಾರರು ಮಾತ್ರ ನಗಲಿಲ್ಲ. ತಂದೆಯ ಮೀಸೆಯಿಂದ ಒಂದು ಕಾಳು ಕಿತ್ತು ಬಿಸಿಲಿಗೆ ಹಿಡಿದರು.

“ಒಂದೂ ಜಳ್ಳಿಲ್ಲಲ್ರೀ. ಬೀಜ ಎಲ್ಲೀದು?”

“ನಮ್ಮ ಮಾವನವರ ಹೊಲದ್ದು.”

“ಹತ್ತು ಚೀಲ ಕಳಸಾಕ ಹೇಳ್ರಿ. ಚಿತ್ರ ನೀವೇ ಒಯ್ರಿ.”

ಆಡಿದ ಮಾತಿಗೆ ತಪ್ಪದ ಮನುಷ್ಯ. ಎಲ್ಲಾ ಮಿಲ್ಲಿನವರಿಗೂ ಹೇಳಿದರು. ಆ ವರ್ಷ ಮಾವನವರ ಬೀಜಕ್ಕೆ ಸುತ್ತೆಲ್ಲ ಹೆಸರು ಬಂತು. ಆ ಹೆಸರನ್ನು ಚೀಲಗಳ ಮೇಲೆ ಬರೆಯುವ ಕೆಲಸ ನನಗೆ ಸಿಕ್ಕಿತು.