ರಾಜ ಬರುವಾಗಿನ ರಾಗ

ಅಂಗಿಗುಂಡಿ ಕಾರ್ಖಾನೆಯ ಗುಮಾಸ್ತನಿಗೆ ದೇವರು ಉಸಿರನ್ನು ಧಾರಾಳವಾಗಿ ಕೊಟ್ಟಿದ್ದ; ಬುದ್ಧಿ ಕೊಡುವಾಗ ಮಾತ್ರ ಕೈ ಬಿಗಿಹಿಡಿದಿದ್ದ. ಆ ಉಸಿರೆಲ್ಲ ಕ್ಲಾರಿನೆಟ್ಟಿಗೆ ಹೋಗುತ್ತಿತ್ತು. ಗಾಳಿಗೂ ತೆರಿಗೆ ಹಾಕುವ ರಾಜನೊಬ್ಬನ ಸಂಗೀತ ನಾಟಕವನ್ನು ಕೆಲಸಗಾರರು ಆಡಿದಾಗ ರಾಗ ಕಟ್ಟಿದವನು ಅವನೇ. ರಾಜ ಹೊಟ್ಟೆ ಸವರಿಕೊಂಡು ಬಂದರೆ 'ಢುಂ ಢುಂ ಪೀಂ'. ಹೊಗಳುಭಟ ಮಂತ್ರಿ ಕೈ ಹೊಸೆಯುತ್ತ ಬಾಗಿದರೆ 'ಕುಯ್ ಕುಯ್ ಕುಯ್ಯೀ'. ರಾಜನ ನಡಿಗೆ ಯಜಮಾನರದೇ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ರಾಗ ಕೇಳಿದೊಡನೆ ಜನ ಬಿದ್ದು ಬಿದ್ದು ನಕ್ಕರು. ಯಜಮಾನರು ಮಾತ್ರ ನಾಟಕಕ್ಕೆ ಬಂದಿರಲಿಲ್ಲ.

ಮರುದಿನ ಗುಮಾಸ್ತನ ಕೆಲಸ ಕಾಯಂ ಆಗಬೇಕಿತ್ತು. ಬೆಳಿಗ್ಗೆ ಯಜಮಾನರು ಹೊಟ್ಟೆ ಸವರಿಕೊಳ್ಳುತ್ತ ಒಳಗೆ ಕಾಲಿಟ್ಟರೋ ಇಲ್ಲವೋ, ಮೇಸ್ತ್ರಿಯ ಮೂಗಿನಿಂದ ಮೆಲ್ಲಗೆ ಹೊರಟಿತು: 'ಢುಂ ಢುಂ ಪೀಂ.'

ಗುಮಾಸ್ತ ಮೇಸ್ತ್ರಿಯ ಕಿವಿಗೆ ಬಗ್ಗಿದ. "ಅಣ್ಣಾ, ಕಾಲಿಗೆ ಬೀಳ್ತೀನಿ, ಇವತ್ತೊಂದು ದಿನ ಸುಮ್ನಿರು!"

"ನಾನೇನ್ ಮಾಡ್ಲಪ್ಪಾ? ಅವರು ಕಾಲೆತ್ತಿದ್ರೆ ನನ್ನ ಮೂಗು ತಾನಾಗೇ ಹಾಡುತ್ತೆ."

ಅಷ್ಟರಲ್ಲಿ ಪೊಟ್ಟಣ ಕಟ್ಟುವ ಅಕ್ಕ ಗುಂಡಿಯ ಡಬ್ಬಿಯ ಮೇಲೆ ತಾಳ ಹಾಕತೊಡಗಿದಳು. ಗುಮಾಸ್ತ ಓಡಿಹೋಗಿ ಡಬ್ಬಿ ಕಿತ್ತುಕೊಂಡ. ಮುಚ್ಚಳ ಹಾರಿತು. ಗುಂಡಿಗಳು ಬೆದರಿದ ಇಲಿಮರಿಗಳಂತೆ ನೆಲದ ತುಂಬ ಓಡಿದವು. ಅವುಗಳ ಮೇಲೆ ಕಾಲಿಟ್ಟ ಯಜಮಾನರು ಜಾರುತ್ತ ಬಂದರು. ಢುಂ ಎಂದು ಮೇಜಿಗೆ, ಢುಂ ಎಂದು ಗೋಡೆಗೆ ಬಡಿದು, ಕೊನೆಗೆ ಕಂಬವನ್ನು ತಬ್ಬಿ ನಿಂತರು. ಇಡೀ ಕಾರ್ಖಾನೆ ತಡೆಯಲಾರದೆ 'ಪೀಂ' ಎಂದಿತು.

"ಯಾರದು ಈ ರಾಗ?"

ಎಲ್ಲರ ಬೆರಳೂ ಗುಮಾಸ್ತನ ಕಡೆ ತಿರುಗಿದವು.

ಯಜಮಾನರ ಕೋಣೆಯೊಳಗೆ ಅವನು ಒದ್ದೆ ಬೆಕ್ಕಿನಂತೆ ಮುದುಡಿ ನಿಂತ.

"ನಾನು ಬರೋವಾಗ್ಲೇ ಹಾಡ್ತಾರಲ್ಲ, ನನ್ನನ್ನ ನೋಡಿ ಕಟ್ಟಿದ್ದೇನಯ್ಯಾ?"

"ಅದು... ಸ್ವಾಮೀ... ಗಾಳಿ ತಾನಾಗೇ..."

"ಇಷ್ಟು ವರ್ಷ ನಾನು ಬಂದ್ರೆ ಒಬ್ಬರೂ ಕತ್ತೆತ್ತಿ ನೋಡ್ತಿರ್ಲಿಲ್ಲ," ಎಂದ ಯಜಮಾನರ ಕಣ್ಣಲ್ಲಿ ನೀರಾಡಿತು. "ಇವತ್ತು ಸಂಗೀತ! ನಾಳೆಯಿಂದ ದಿನಾ ಬಾಗಿಲಲ್ಲಿ ನಿಂತು ನೀನೇ ಊದ್ಬೇಕು. ಕೆಲಸ ಕಾಯಂ, ಹೋಗು."

ಹೋದ ಜೀವ ಮರಳಿ ಬಂದಂತಾಯಿತು. "ತಮ್ಮ ದಯೆ, ಎಲ್ಲಾ ತಮ್ಮ ದಯೆ" ಎನ್ನುತ್ತ ಗುಮಾಸ್ತ ಕೈ ಹೊಸೆದು, ಬೆನ್ನು ಬಾಗಿಸಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲು ದಾಟಿದ.

ಹೊರಗೆ ಯಂತ್ರಗಳೆಲ್ಲ ನಿಂತಿದ್ದವು. ಎಲ್ಲರೂ ಅವನ ಬಾಗಿದ ಬೆನ್ನನ್ನೇ ನೋಡುತ್ತಿದ್ದರು. ಮೊದಲು ಅಕ್ಕ, ಆಮೇಲೆ ಮೇಸ್ತ್ರಿ, ಆಮೇಲೆ ಇಡೀ ಕಾರ್ಖಾನೆ ಶುರು ಮಾಡಿತು: 'ಕುಯ್ ಕುಯ್ ಕುಯ್ಯೀ.'

"ಭೇಷ್! ಇದೂ ಚೆನ್ನಾಗಿದೆ!" ಒಳಗಿನಿಂದ ಯಜಮಾನರು ಕೂಗಿದರು. "ಇದು ಯಾರದಯ್ಯಾ?"

ಎಲ್ಲರ ಬೆರಳೂ ಮತ್ತೆ ಗುಮಾಸ್ತನ ಕಡೆಗೇ ತಿರುಗಿದವು.