ಮಂಗಳ ಹಾಡಲಾಗದ ಪುಸ್ತಕ

ದಿನವೂ ಪುಸ್ತಕ ಬಿಚ್ಚುವ ಪದ್ಧತಿಯಿರುವ ಮನೆಯಲ್ಲಿ ಏನಾದರೊಂದು ಆಗದೆ ಹೋಗುವುದಿಲ್ಲ. ನಮ್ಮದು ಸಿರ್ಸಿ ಸೀಮೆಯ ಹುಲಗೋಳ. ಮಧ್ಯಾಹ್ನದ ಊಟವಾದ ಮೇಲೆ ನಾನು ವ್ಯಾಸಪೀಠದ ಮುಂದೆ ಕುಳಿತು ಪುರಾಣ ಓದುವುದು, ನಮ್ಮ ತಾಯಿ, ಅಂದರೆ ಆಯಿ, ನೆರೆಮನೆಯ ಹೆಂಗಸರೊಡನೆ ಹೂಬತ್ತಿ ಹೊಸೆಯುತ್ತ ಕೇಳುವುದು. ಅಪ್ಪಯ್ಯನ ಕಾಲದಿಂದ ನಡೆದುಬಂದದ್ದು. ಅದು ಒಂದು ವರ್ಷ ಕೆಲಕಾಲ ನಿಂತುಹೋಯಿತು. ನಿಲ್ಲಿಸಿದ್ದು ಒಂದು ಕಾದಂಬರಿ.

ಗಂಟಲು ಕಟ್ಟಿದ್ದು

ಆ ಮಳೆಗಾಲದ ಕೊನೆಗೆ ನನಗೆ ಗಂಟಲು ಕಟ್ಟಿ ಸ್ವರವೇ ಹೊರಡದಾಯಿತು. "ಸೊಸೆ ಓದ್ಲಿ" ಎಂದಳು ಆಯಿ. ನನ್ನ ಹೆಂಡತಿಗೆ ಪುರಾಣದ ಸಂಸ್ಕೃತ ಬಾಯಿಗೆ ಬಾರದು. ಆದರೆ ಬಿಳಗಿಯ ತವರಿನಿಂದ ಸೀರೆಯ ಮಡಿಕೆಯಲ್ಲಿಟ್ಟು ತಂದ ಕಾದಂಬರಿಯೊಂದು ಅವಳ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಎರಡು ಮನೆತನಕ್ಕೆ ತಲೆಮಾರಿನ ಹಗೆ, ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟರು; ಈ ಮನೆಯ ಹುಡುಗಿಗೆ ಆ ಮನೆಯ ಹುಡುಗನ ಮೇಲೆ ಮನಸ್ಸು. ಇಂಥದ್ದು ನಮ್ಮ ಮನೆಯಲ್ಲಿ ಕೂಡದು ಎಂದು ನಾನು ಅಪ್ಪಣೆ ಮಾಡಿದ್ದೆ. ಅವಳು ಅದನ್ನೇ ತಂದು ವ್ಯಾಸಪೀಠದ ಮೇಲಿಟ್ಟು ಓದತೊಡಗಿದಳು.

ನಾನು ಓಡಿಬಂದು ಎರಡೂ ಕೈ ಬೀಸಿದೆ. ಸ್ವರವಿಲ್ಲ. ಪುಸ್ತಕ ತೋರಿಸಿದೆ, ಗಂಟಲು ತೋರಿಸಿದೆ. ಕಥೆಯಲ್ಲಿ ಹುಡುಗಿ ಆಗಷ್ಟೇ ಕೊಡ ಹಿಡಿದು ಹೊಳೆಗೆ ಹೊರಟಿದ್ದಳು. ಆಯಿ ಈ ಕಡೆ ತಿರುಗಲೇ ಇಲ್ಲ.

"ಅಂವಂಗೆ ಕಷಾಯ ಬೇಕಡ, ಯಾರಾದ್ರೂ ಕೊಡಿ. ನೀ ಓದು, ಹೊಳೆ ಹತ್ರ ಯಾರಿದ್ದ?"

ಹೊಳೆಯ ಹತ್ತಿರದ ಮಾತುಕತೆ ಮುಗಿಯುವಷ್ಟರಲ್ಲಿ ಹೆಂಗಸರು ನನಗೆ ಸರದಿಯ ಮೇಲೆ ಶುಂಠಿ ಕಷಾಯ ಕುಡಿಸಿದ್ದರು.

ಆಯಿಯ ಹಟ

ಕಡೆಯ ಪುಟದಲ್ಲಿ ಹುಡುಗ ಬೇಸತ್ತು ಕಾಶಿಗೆ ಹೊರಟುಹೋದ. ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ಅಲ್ಲಿಗೆ ಮುಗಿಯಿತು. ಹೆಂಡತಿ ಮಂಗಳ ಹಾಡಲು ಬಾಯಿ ತೆರೆದಳು.

"ತಡಿ. ಇಲ್ಲಿ ಮಂಗಳ ಹಾಡೂವಂಥದ್ದು ಎಂತಾ ಆಜು?" ಎಂದಳು ಆಯಿ.

ಕೆಟ್ಟ ಘಟ್ಟದಲ್ಲಿ ಪುಸ್ತಕ ಮುಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಯುದ್ಧದಲ್ಲಿ ಯಾರಾದರೂ ಬಿದ್ದರೆ, ಹೊತ್ತಾದರೂ ಸರಿಯೆಂದು, ಪಟ್ಟಾಭಿಷೇಕವೋ ಮದುವೆಯೋ ಬರುವತನಕ ಓದಿಯೇ ನಿಲ್ಲಿಸುತ್ತೇವೆ. ಇಲ್ಲಿ ಮುಂದೆ ಓದಲು ಉಳಿದದ್ದು ರಟ್ಟು ಮಾತ್ರ.

ನನಗೆ ಸ್ವರ ಮರಳಿತ್ತು. "ಆಯಿ, ಅದು ಕಟ್ಟುಕಥೆ. ನಾಳೆಯಿಂದ ಆನು ಪುರಾಣ ಶುರು ಮಾಡ್ತೆ."

"ವ್ಯಾಸಪೀಠ ಹತ್ತಿದ್ದು ಮಂಗಳ ಆಗದ್ದೇ ಇಳೀಲಾಗ. ಇಂಥದ್ದೇ ಇನ್ನೊಂದು ತಗಬಾ. ಅದೇ ನಮೂನೆ ಹಗೆ, ಅದೇ ನಮೂನೆ ಕೂಸು. ಆದ್ರೆ ಮದುವೆ ಆಗವು. ಅಲ್ಲೀವರೆಗೆ ಪುರಾಣ ಇಲ್ಲೆ."

ಕೂಸು ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ಮನೆಯೊಳಗೆ ಬರಬಾರದೆಂದ ಪುಸ್ತಕದ ತಂಗಿಯನ್ನು ಹುಡುಕಿಕೊಂಡು ನಾನೇ ಹೊರಟೆ, ಸಂಧ್ಯಾವಂದನೆ ಮುಗಿಸಿ, ವಿಭೂತಿ ಹಚ್ಚಿಕೊಂಡು.

ಸಿರ್ಸಿಯ ವಾಚನಾಲಯ

ಕಾಯ್ದೆಭಂಗದ ವರ್ಷಗಳು. ಪೇಟೆಯ ವಾಚನಾಲಯದಲ್ಲಿ ನಾಲ್ಕು ಜನ ಪತ್ರಿಕೆ ಓದುತ್ತಿದ್ದರು. ಅವರೆದುರು ಪ್ರೇಮದ ಕಥೆ ಕೊಡಿ ಎನ್ನಲು ನನಗೆ ನಾಲಗೆ ಏಳಲಿಲ್ಲ. ವಾಚನಾಲಯ ನೋಡಿಕೊಳ್ಳುವವರ ಕಿವಿಯಲ್ಲಿ, "ಹೆಸರು ಹೇಳಿ ಕೇಳುವಂಥದ್ದಲ್ಲ. ಹಿರಿಯರ ಮಾತು ಮೀರಿದವರದ್ದು. ನಮ್ಮ ತಾಯಿಗೆ ಬೇಕಾಗಿದೆ" ಎಂದೆ.

ಅವರ ಕಣ್ಣು ಒದ್ದೆಯಾಯಿತು. "ತಾಯಿಯವರಿಗೇ? ಅಂಥವರಿದ್ದುದಕ್ಕೇ ಈ ಸೀಮೆ ಉಳಿದಿದೆ" ಎಂದು ಹಳೆಯ ಪತ್ರಿಕೆಗಳ ಅಡಿಯಿಂದ ಏನನ್ನೋ ತೆಗೆದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ದಾರಿಯಲ್ಲಿ ಪೊಲೀಸನೊಬ್ಬ ಜೊತೆಯಾದ.

"ಗಂಟಿನಾಗ ಏನ್ರಿ ಭಟ್ರ?"

"ತಾಯಿಗೆ ಓದಿ ಹೇಳೋ ಪುಸ್ತಕ."

ಅವನು ಗಂಟನ್ನು ಮುಟ್ಟಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

ಮನೆಯಲ್ಲಿ ಬಿಚ್ಚಿದರೆ, ಸರಕಾರಕ್ಕೆ ಸೊಪ್ಪು ಹಾಕದೆ ಮನೆಯಲ್ಲೇ ಉಪ್ಪು ತಯಾರಿಸುವ ಕ್ರಮ. ಹೆಂಡತಿ ಓದಿದಳು. ಆಯಿ ಉಪ್ಪುನೀರು ಕುದ್ದು ಇಂಗುವವರೆಗೂ ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ, ಕೂಸು ಯಾವಾಗ ಬತ್ತು?" ಎಂದಳು.

ಯಲ್ಲಾಪುರದ ಮೋಟಾರು

ಸಿದ್ದಾಪುರದ ಮಾಸ್ತರರೊಬ್ಬರು ಕೊಟ್ಟ ಕಾದಂಬರಿಯಲ್ಲಿ ಹುಡುಗಿ ಬಾವಿಗೆ ಬಿದ್ದಳು. ಉಮ್ಮಚಗಿಯ ನೆಂಟರ ಮನೆಯದರಲ್ಲಿ ಹುಡುಗ ಸನ್ಯಾಸಿಯಾದ. ಬರೆಯುವವರ ಮನೆಯಲ್ಲಿ ಶುಭಕಾರ್ಯವೇ ನಡೆಯುವುದಿಲ್ಲವೋ ಏನೋ. ಬರಿಗೈಯಲ್ಲಿ ಯಲ್ಲಾಪುರಕ್ಕೆ ಬಂದು ಸಿರ್ಸಿಯ ಮೋಟಾರು ಹತ್ತಿದೆ.

"ಯಾಕ್ರಿ ಭಟ್ರ, ಮಾರಿ ಸಣ್ಣದಾಗೇತಿ?" ಎಂದರು ಮೋಟಾರು ನಡೆಸುವ ಸಾಹೇಬರು. ಕಥೆ ಹೇಳಿದೆ. ಹೊರಡುವ ಹೊತ್ತು ಮೀರಿದರೂ ಅವರು ಗಾಡಿ ಬಿಡಲಿಲ್ಲ.

"ಮುಂದ ಏನಾತ್ರಿ?"

"ಹುಡುಗ ಕಾಶಿಗೆ ಹೋದ."

"ಯಾವ ಗಾಡ್ಯಾಗ ಹೋದಾ? ನನ್ನ ಗಾಡಿ ಹತ್ತಿದ್ರ ಹಂಗ ತಿರುಗಿಸಿ ಹುಡುಗಿ ಮನಿ ಮುಂದ ಇಳಿಸ್ತಿದ್ದೆ."

ಹಿಂದಿನಿಂದ ಅಕ್ಕಿ ವ್ಯಾಪಾರಿಯೊಬ್ಬರು, "ಹುಡುಗಿ ಅಪ್ಪಂದೂ ಕೇಳ್ಬೇಕಲ್ಲ ಮಾರಾಯ್ರೆ" ಎಂದರು. ಅಷ್ಟೇ ಸಾಕಾಯಿತು. ಇಡೀ ಮೋಟಾರು ಎರಡು ಪಾಲಾಯಿತು. ಸಿರ್ಸಿ ಮುಟ್ಟಿದಾಗ ಹುಡುಗನ ಕಡೆಯವರು ಮೊದಲು ಇಳಿದರು. ಅವರು ಮರೆಯಾಗುವವರೆಗೆ ಹುಡುಗಿಯ ಕಡೆಯವರು ಸೀಟು ಬಿಟ್ಟು ಏಳಲಿಲ್ಲ.

ಒಂದೇ ಮಂಟಪ

ಕಾರ್ತಿಕದಲ್ಲಿ ತುಳಸಿ ಮದುವೆ ಬಂತು. ಕಟ್ಟೆಗೆ ಕಬ್ಬು, ನೆಲ್ಲಿಯ ಟೊಂಗೆ ಕಟ್ಟಿ ಮಂಟಪ ಮಾಡಿದ್ದೆವು. ಪುರೋಹಿತರು ತುಳಸಿಯ ಮದುವೆ ಮುಗಿಸಿ ಏಳುವಾಗ ಆಯಿ ಆ ಮೊದಲ ಕಾದಂಬರಿಯನ್ನು ಹೊಸ ರವಿಕೆಕಣದಲ್ಲಿಟ್ಟು ತಂದಳು.

"ಇವರದ್ದೂ ಒಂದು ಮುಗಿಸಿಬಿಡಿ."

"ಇದು ಶಾಸ್ತ್ರದಲ್ಲಿದ್ದಾ?" ಎಂದು ನಾನು ಪುರೋಹಿತರನ್ನು ಕೇಳಿದೆ.

ಅವರು ಸಾವಧಾನವಾಗಿ ಯೋಚಿಸಿದರು. "ತುಳಸಿ ಎಂತಾ ನೀ ಹೆತ್ತ ಮಗಳಾ? ವರ್ಷ ವರ್ಷ ಧಾರೆ ಎರೀತೆ. ಗೋತ್ರ ಯಾವುದು?"

"ಪುಸ್ತಕದಲ್ಲಿ ಬರೆದಿದ್ದಿಲ್ಲೆ" ಎಂದಳು ಹೆಂಡತಿ.

"ಒಂದೇ ಗೋತ್ರ ಹೇಳೂ ಬರೆದಿದ್ದಿಲ್ಲೆ ಅಲ್ದಾ? ಅಡ್ಡಿಯಿಲ್ಲೆ. ಕೂಸಿನ ಅಪ್ಪ?"

"ಅಂವ ಒಪ್ಪದ್ದೇ ಇಡೀ ಪುಸ್ತಕ. ನಮ್ಮನೆ ಮಾಣಿ ಕೂರ್ತ" ಎಂದು ಆಯಿ ನನಗೆ ಮಣೆ ಹಾಕಿದಳು.

ಕೂತೆ. ಹುಡುಗ ಕಾಶಿಗೆ ಹೋಗುವ ಪುಟ ತೆರೆದುಕೊಳ್ಳದಂತೆ ಹೆಂಡತಿ ಬೆರಳಿನಿಂದ ಒತ್ತಿ ಹಿಡಿದಳು. ಕಾಗದ ನೆನೆಯದಂತೆ ಧಾರೆ ಎರೆದೆ. ಹೆಂಗಸರು ಹಾಡು ಹೇಳಿದರು, ಮಂಗಳವೂ ಆಯಿತು, ಪಾನಕವೂ ಆಯಿತು.

ಮರುದಿನ ಊಟ ಮುಗಿಸಿ, ವ್ಯಾಸಪೀಠ ಒರೆಸಿ, ಪುರಾಣ ಬಿಚ್ಚಿದೆ. ಎಷ್ಟೋ ದಿನದ ಮೇಲೆ ಆ ತಾಳೆಗರಿ ಬಣ್ಣದ ಪುಟ ಕಂಡು ನನ್ನ ಮನಸ್ಸು ತುಂಬಿಬಂತು. "ಬಾ ಆಯಿ, ಶುರು ಮಾಡ್ತೆ."

ಆಯಿ ಕಂಬಕ್ಕೊರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಂದು ಬ್ಯಾಡ, ತಮಾ. ಕೂಸನ್ನ ಕಳ್ಸಿಕೊಟ್ಟು ಮನೆಯೆಲ್ಲ ಬಿಕೋ ಹೇಳ್ತು."